ಹದ ತಪ್ಪಿದ ಮಂತ್ರ: ದಾಳ ಮುಟ್ಟುವ ಮೊದಲು ನೋಡಬೇಕಾದದ್ದು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ, ಟೇಬಲ್ ಸುತ್ತ ಕೂತು ಪಾತ್ರ ವಹಿಸಿ ದಾಳ ಹಾಕಿ ಆಡುವ ಆಟಕ್ಕೆ ನಾನೇ ಬರೆದ ಒಂದು ಮಂತ್ರ ನನ್ನದೇ ಟೇಬಲ್‌ನಲ್ಲಿ ನನ್ನ ಮಾನ ಕಳೆಯಿತು. ಹೆಸರು ‘ಮುಳ್ಳಿನ ಸುಳಿ’. ಡ್ರೂಯಿಡ್‌ಗೆಂದು (ಪ್ರಕೃತಿಯ ಮಂತ್ರವಾದಿ) ಬರೆದ 2ನೇ ಲೆವೆಲ್ ಮಂತ್ರ. ನೆಲದಿಂದ ಮುಳ್ಳುಬಳ್ಳಿ ಎದ್ದು 15 ಅಡಿ ರೇಡಿಯಸ್‌ನಲ್ಲಿ ಗಿರಗಿರನೆ ಸುತ್ತುತ್ತದೆ. ಅದರೊಳಗೆ ಟರ್ನ್ (ತಮ್ಮ ಸರದಿ) ಶುರುಮಾಡಿದವರಿಗೆ, ಅಥವಾ ಒಂದು ಟರ್ನ್‌ನಲ್ಲಿ ಮೊದಲ ಸಲ ಒಳಗೆ ಬಂದವರಿಗೆ 3ಡಿ6 (ಆರು ಮುಖದ ಮೂರು ದಾಳದ ಮೊತ್ತ) ಪೆಟ್ಟು. ಸೇವ್ ಇಲ್ಲ. ಸೇವ್ ಅಂದರೆ ದಾಳ ಹಾಕಿ ತಪ್ಪಿಸಿಕೊಳ್ಳುವ ಅವಕಾಶ. ಕಾನ್ಸಂಟ್ರೇಶನ್ (ಹಾಕಿದವರ ಮನಸ್ಸು ಅದರಲ್ಲೇ ನೆಟ್ಟಿರುವುದು) ಬೇಕು, ಒಂದು ನಿಮಿಷ ಇರುತ್ತದೆ. ಕಾಗದದ ಮೇಲೆ ಸಾಧುವಾಗಿ ಕಾಣಿಸಿತು. ಮೂರನೇ ಸೆಷನ್‌ನಲ್ಲಿ ಒಂದು ಓಗರ್ (ದೈತ್ಯ ರಾಕ್ಷಸ) ಎರಡೇ ರೌಂಡ್‌ಗೆ (ಎಲ್ಲರಿಗೂ ಒಂದೊಂದು ಸರದಿ ಆದರೆ ಒಂದು ರೌಂಡ್) ಮುಗಿದುಹೋಯಿತು. ಆಮೇಲೆ ಬಂದವರ ಗತಿಯೂ ಅದೇ.

ಆಗ ನಾನು ಮಾಡಿದ ಮೊದಲ ಕೆಲಸ ಹೆಚ್ಚಿನ ಡಿಎಂಗಳು (ಆಟ ನಡೆಸುವವರು) ಮಾಡುವುದೇ. ದಾಳ ಇಳಿಸಿದೆ. 3ಡಿ6 ಇದ್ದದ್ದು 2ಡಿ6 ಆಯಿತು. ತೊಂದರೆ ಹೋಗಲಿಲ್ಲ, ಮಂತ್ರ ಮಾತ್ರ ಹಾಳಾಯಿತು. ಅದು ಹೇಗೆ ಅಂತ ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ. ಆ ತಪ್ಪಾದ ಮೇಲೆ ಯಾವ ಮಂತ್ರದ ಬಗ್ಗೆ ದೂರು ಬಂದರೂ ನಾನು ಒಂದೇ ದಾರಿ ಹಿಡಿಯುತ್ತೇನೆ: ಮೊದಲು ಯಾವ ಕೀಲು ಸಡಿಲ ಅಂತ ಹುಡುಕುವುದು, ದಾಳವನ್ನು ಕೊನೆಗೆ ಮುಟ್ಟುವುದು.

ಇಲ್ಲಿರುವ ಲೆಕ್ಕಗಳು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 5ನೇ ಆವೃತ್ತಿಯವು, 2014ರ ನಿಯಮದ ಪ್ರಕಾರ. 2024ರ ಪರಿಷ್ಕರಣೆಯಲ್ಲಿ ಬದಲಾದದ್ದನ್ನು ಅಲ್ಲಲ್ಲೇ ಹೇಳುತ್ತೇನೆ. ನೀವು ಬೇರೆ ಆಟ ಆಡುತ್ತಿದ್ದರೂ ವಿಧಾನ ಇದೇ, ಅಂಕಿ ಮಾತ್ರ ಬೇರೆ.

ದೂರನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ

‘ಈ ಮಂತ್ರ ಓವರ್‌ಪವರ್ಡ್’ ಅನ್ನುವುದು ದೂರಲ್ಲ, ಬೈಗುಳ. ಅದರಿಂದ ಏನೂ ತಿಳಿಯುವುದಿಲ್ಲ. ಯಾರಿಗೆ, ಯಾವಾಗ, ಏನಾಯಿತು ಅಂತ ಬರೆಯಿರಿ. ‘ದೊಡ್ಡ ಖಳ ಒಂದೂ ಟರ್ನ್ ಆಡದೆ ಸತ್ತ.’ ‘ಡ್ರೂಯಿಡ್ ಟರ್ನ್ ಬಂದರೆ ಉಳಿದವರು ಫೋನ್ ನೋಡುತ್ತಾರೆ.’ ‘ಪ್ರತಿ ಜಗಳದಲ್ಲೂ ಅದೇ ಮಂತ್ರ.’ ‘ಜಗಳ ಮುಗಿದ ಮೇಲೆ ಎಲ್ಲರ ಹಿಟ್ ಪಾಯಿಂಟ್ (ಜೀವಬಲ) ಪೂರ್ತಿ ತುಂಬಿರುತ್ತದೆ.’ ಇವು ನಾಲ್ಕೂ ಬೇರೆ ಬೇರೆ ರೋಗ. ಮೊದಲನೆಯದು ಸೇವ್‌ನ ತೊಂದರೆ, ಎರಡನೆಯದು ಸಮಯದ್ದು. ಮೂರನೆಯದು ಮಂತ್ರದ ಬೆಲೆಯದ್ದು. ನಾಲ್ಕನೆಯದು ಹೆಚ್ಚಾಗಿ ಮಂತ್ರ ಎಷ್ಟು ಸಲ ಕೆಲಸ ಮಾಡುತ್ತದೆ ಅನ್ನುವುದರದ್ದು. ದಾಳ ಇಳಿಸಿದರೆ ಇವುಗಳಲ್ಲಿ ಒಂದೂ ನೆಟ್ಟಗಾಗುವುದಿಲ್ಲ.

ಯಾರು ದೂರುತ್ತಿದ್ದಾರೆ ಅಂತಲೂ ನೋಡಿ. ಆಟಗಾರರು ಖುಷಿಯಾಗಿದ್ದು ಡಿಎಂ ಒಬ್ಬರೇ ಮುಖ ಊದಿಸಿಕೊಂಡಿದ್ದರೆ ಆ ದೂರು ಸ್ವಲ್ಪ ದಿನ ಕಾಯಲಿ. ಕಷ್ಟಪಟ್ಟು ಕಟ್ಟಿದ ಖಳ ಐದು ನಿಮಿಷದಲ್ಲಿ ಬಿದ್ದರೆ ಹೊಟ್ಟೆ ಉರಿಯುವುದು ಸಹಜ, ನನಗೂ ಉರಿದಿದೆ. ಪಕ್ಕದಲ್ಲಿ ಕೂತ ಫೈಟರ್ ‘ನಾನು ಇಲ್ಲಿ ಯಾಕಿದ್ದೀನಿ’ ಅಂದರೆ ಮಾತ್ರ ತಡಮಾಡಬೇಡಿ.

ಮಂತ್ರವನ್ನು ಸರಿಯಾಗಿ ಓದಿದ್ದೀರಾ?

ನನ್ನ ಅನುಭವದಲ್ಲಿ ಅರ್ಧಕ್ಕರ್ಧ ದೂರು ಇಲ್ಲೇ ಮುಗಿಯುತ್ತದೆ. ಪುಸ್ತಕ ತೆರೆದು, ಆಟಗಾರರ ಮುಂದೆ, ಅಕ್ಷರ ಬಿಡದೆ ಜೋರಾಗಿ ಓದಿ.

ಹಿಪ್ನಾಟಿಕ್ ಪ್ಯಾಟರ್ನ್ ಒಳ್ಳೆಯ ಉದಾಹರಣೆ. 3ನೇ ಲೆವೆಲ್, 30 ಅಡಿಯ ಘನದೊಳಗಿನ ಎಲ್ಲರೂ ವಿಸ್ಡಮ್ ಸೇವ್ ಮಾಡಬೇಕು, ಸೋತವರು ಮಂಕಾಗಿ ನಿಂತುಬಿಡುತ್ತಾರೆ. ಮತ್ತೆ ಸೇವ್ ಇಲ್ಲ. ಭಯಂಕರ ಅಲ್ವಾ? ಆದರೆ ಪೆಟ್ಟು ಬಿದ್ದರೆ ಆ ಜೀವಿಗೆ ಎಚ್ಚರವಾಗುತ್ತದೆ. ಇನ್ನೊಬ್ಬರು ಒಂದು ಆಕ್ಷನ್ ಖರ್ಚು ಮಾಡಿ ಅಲುಗಾಡಿಸಿ ಎಬ್ಬಿಸಬಹುದು. ಸೇವ್ ಗೆದ್ದ ಗಾಬ್ಲಿನ್ ತನ್ನ ಪಕ್ಕದವನನ್ನು ಎಬ್ಬಿಸುತ್ತದೆ ಅನ್ನುವುದು ಡಿಎಂಗೇ ಮರೆತುಹೋಗಿರುತ್ತದೆ. ಆಗ ದೋಷ ಮಂತ್ರದ್ದಲ್ಲ.

ಕಾನ್ಸಂಟ್ರೇಶನ್ ಇನ್ನೊಂದು. ಪೆಟ್ಟು ಬಿದ್ದಾಗಲೆಲ್ಲ ಕಾನ್‌ಸ್ಟಿಟ್ಯೂಶನ್ ಸೇವ್ ಮಾಡಬೇಕು. ಡಿಸಿ (ದಾಳದಲ್ಲಿ ಮುಟ್ಟಬೇಕಾದ ಅಂಕಿ) 10, ಅಥವಾ ಬಿದ್ದ ಪೆಟ್ಟಿನ ಅರ್ಧ, ಯಾವುದು ಜಾಸ್ತಿಯೋ ಅದು. ಒಂದೇ ಟರ್ನ್‌ನಲ್ಲಿ ಮೂರು ಬಾಣ ನಾಟಿದರೆ ಮೂರು ಸೇವ್. ಮೂರನ್ನೂ ಕೂಡಿಸಿ ಒಂದೇ ಸಲ ಹಾಕಿಸುವ ಟೇಬಲ್‌ಗಳನ್ನು ನೋಡಿದ್ದೇನೆ. ಅದರಿಂದ ಕಾನ್ಸಂಟ್ರೇಶನ್ ಮಂತ್ರಗಳೆಲ್ಲ ಸುಮ್ನೆ ಗಟ್ಟಿಯಾಗಿಬಿಡುತ್ತವೆ. ಹಾಗೆಯೇ ಬೋನಸ್ ಆಕ್ಷನ್‌ನಲ್ಲಿ (ಟರ್ನ್‌ನ ಚಿಕ್ಕ ಹೆಚ್ಚುವರಿ ಕೆಲಸ) ಒಂದು ಮಂತ್ರ ಹಾಕಿದ ಟರ್ನ್‌ನಲ್ಲಿ, 2014ರ ನಿಯಮದಂತೆ, ಒಂದು ಆಕ್ಷನ್ ಹಿಡಿಯುವ ಕ್ಯಾಂಟ್ರಿಪ್ (ಖರ್ಚಿಲ್ಲದ ಚಿಕ್ಕ ಮಂತ್ರ) ಬಿಟ್ಟು ಬೇರೆ ಮಂತ್ರ ಹಾಕುವಂತಿಲ್ಲ. ‘ನಿನಗೆ ಕಾಣುವ ಜೀವಿ’ ಅಂತ ಬರೆದಿದ್ದರೆ ಕಾಣಲೇಬೇಕು, ಕತ್ತಲಲ್ಲಿ ಅಂದಾಜಿಗೆ ಗುರಿ ಇಡುವ ಹಾಗಿಲ್ಲ.

ಓದಿದ ಮೇಲೂ ದೂರು ಉಳಿದರೆ ಮುಂದಕ್ಕೆ ಹೋಗೋಣ.

ದಿನಕ್ಕೆ ಎಷ್ಟು ಜಗಳ?

2014ರ ಡಿಎಂ ಗೈಡ್ ಒಂದು ಸಾಹಸದ ದಿನದಲ್ಲಿ 6ರಿಂದ 8 ಮಧ್ಯಮ ಅಥವಾ ಕಠಿಣ ಜಗಳ ಅಂತ ಇಟ್ಟುಕೊಂಡು ಲೆಕ್ಕ ಹಾಕಿದೆ. ನಿಜವಾಗಿ ಅಷ್ಟು ಆಡುವವರು ನನಗೆ ಗೊತ್ತಿರುವವರಲ್ಲಿ ಕಡಿಮೆ. ಹೆಚ್ಚಿನ ಟೇಬಲ್‌ಗಳಲ್ಲಿ ಒಂದು, ಬಹಳವಾದರೆ ಎರಡು, ಆಮೇಲೆ ಲಾಂಗ್ ರೆಸ್ಟ್ (ದೀರ್ಘ ವಿಶ್ರಾಂತಿ, ಖರ್ಚಾದ ಮಂತ್ರಬಲ ವಾಪಸ್). 5ನೇ ಲೆವೆಲ್ ಕ್ಲೆರಿಕ್‌ಗೆ (ದೇವರ ಬಲದ ಮಂತ್ರವಾದಿ) 3ನೇ ಲೆವೆಲ್ ಸ್ಲಾಟ್, ಅಂದರೆ ಆ ಲೆವೆಲ್ ಮಂತ್ರ ಹಾಕುವ ಅವಕಾಶ, ಇರುವುದು 2. ಆರು ಜಗಳವಿದ್ದರೆ ಆ ಲೆವೆಲ್‌ನ ಸ್ಪಿರಿಟ್ ಗಾರ್ಡಿಯನ್ಸ್ ಮಂತ್ರ ಎರಡರಲ್ಲಿ ಮಿಂಚುತ್ತದೆ, ನಾಲ್ಕರಲ್ಲಿ ಫೈಟರ್ ಮಿಂಚುತ್ತಾನೆ. ದಿನಕ್ಕೆ ಒಂದೇ ಜಗಳವಿದ್ದರೆ ಪ್ರತಿ ಜಗಳದಲ್ಲೂ ಸ್ಪಿರಿಟ್ ಗಾರ್ಡಿಯನ್ಸ್, ಫೈಟರ್‌ಗೆ ಚಪ್ಪಾಳೆ ತಟ್ಟುವ ಕೆಲಸ.

ಇದನ್ನು ಪತ್ತೆ ಮಾಡುವುದು ಸುಲಭ. ಮೂರು ಸೆಷನ್ ಒಂದು ಹಾಳೆ ಇಟ್ಟುಕೊಳ್ಳಿ. ಯಾವ ಮಂತ್ರ, ಯಾವ ಸ್ಲಾಟ್, ಎಷ್ಟು ಪೆಟ್ಟು, ಎಷ್ಟು ಶತ್ರುಗಳ ಟರ್ನ್ ಹೋಯಿತು, ಆ ದಿನದ ಎಷ್ಟನೇ ಜಗಳ. ಇಷ್ಟೇ. ಸ್ಲಾಟ್ ಉಳಿಸಿಕೊಳ್ಳುವ ಚಿಂತೆ ಯಾರಿಗೂ ಇಲ್ಲ ಅಂತ ಹಾಳೆ ಹೇಳಿದರೆ ಒಂದು ಮಂತ್ರ ಸರಿಮಾಡಿ ಪ್ರಯೋಜನವಿಲ್ಲ. ಅದನ್ನು ಕಟ್ಟಿಹಾಕಿದರೆ ನಾಳೆ ಇನ್ನೊಂದು ಏಳುತ್ತದೆ. ರೆಸ್ಟ್ ಸಿಗುವ ಜಾಗ, ಸಮಯ ಇವನ್ನು ಬಿಗಿ ಮಾಡಿ, ಮಂತ್ರವನ್ನು ಅದರ ಪಾಡಿಗೆ ಬಿಡಿ.

ಅಳತೆಗೋಲು

ಅಳೆಯದೆ ರಿಪೇರಿಗೆ ಕೈ ಹಾಕಬಾರದು. ಅದೇ 2014ರ ಗೈಡ್‌ನಲ್ಲಿ ಹೊಸ ಮಂತ್ರ ಬರೆಯುವವರಿಗೆ ಒಂದು ಪಟ್ಟಿ ಇದೆ. ಒಬ್ಬರಿಗೆ ಹೊಡೆಯುವ ಮಂತ್ರವಾದರೆ 1ನೇ ಲೆವೆಲ್‌ಗೆ 2ಡಿ10, 2ಕ್ಕೆ 3ಡಿ10, 3ಕ್ಕೆ 5ಡಿ10. ಹಲವರಿಗೆ ಹೊಡೆಯುವುದಾದರೆ 2ಡಿ6, 4ಡಿ6, 6ಡಿ6. ಸೇವ್ ಗೆದ್ದರೆ ಅರ್ಧ ಪೆಟ್ಟು ಅನ್ನುವುದು ಈ ಪಟ್ಟಿಯ ಊಹೆ. ಗೆದ್ದರೆ ಏನೂ ಇಲ್ಲ ಅಂತಾದರೆ 25% ಜಾಸ್ತಿ ಇಡಬಹುದು.

ಈ ಪಟ್ಟಿಗೆ ಫೈರ್‌ಬಾಲ್ ಹಿಡಿದು ನೋಡಿದರೆ ಅದೇ ದಾಟಿದೆ: 3ನೇ ಲೆವೆಲ್, 8ಡಿ6, ಸರಾಸರಿ 28. ಪಟ್ಟಿಯ ಪ್ರಕಾರ 21 ಇರಬೇಕಿತ್ತು. ಹೆಸರಾಂತ ಮಂತ್ರಕ್ಕೆ ಕೊಟ್ಟ ರಿಯಾಯಿತಿ ಅಂದುಕೊಳ್ಳಿ. ಅದಕ್ಕೇ ನೀವು ಬರೆದ ಮಂತ್ರವನ್ನು ಫೈರ್‌ಬಾಲ್ ಜೊತೆ ಹೋಲಿಸಿ ‘ಸರಿಯಾಗಿಯೇ ಇದೆ’ ಅನ್ನಬೇಡಿ. (ಹಳೆಯ ಅಡ್ವಾನ್ಸ್‌ಡ್ ಆವೃತ್ತಿಯಲ್ಲಿ ಫೈರ್‌ಬಾಲ್ 33,000 ಘನ ಅಡಿ ಜಾಗ ತುಂಬುವ ತನಕ ಹರಡುತ್ತಿತ್ತು. ಚಿಕ್ಕ ಗುಹೆಯಲ್ಲಿ ಹಾಕಿದರೆ ಬೆಂಕಿ ತಿರುಗಿ ಹಾಕಿದವನ ಮೇಲೇ ಬರುತ್ತಿತ್ತು. ಅದಕ್ಕಿಂತ ಚೆಂದದ ಕಡಿವಾಣ ನಾನು ಕಂಡಿಲ್ಲ.)

ಸೇವ್ ಇರುವ ಮಂತ್ರಕ್ಕೆ ಬರೀ ಸರಾಸರಿ ಸಾಲದು. ಶತ್ರು ಸೇವ್ ಸೋಲುವ ಸಾಧ್ಯತೆ 60% ಅಂತ ಹಿಡಿಯಿರಿ. ಫೈರ್‌ಬಾಲ್‌ನಿಂದ ತಲೆಗೆ ಬೀಳುವುದು 28ರ 60%, ಜೊತೆಗೆ 14ರ 40%, ಒಟ್ಟು 22.4. ಮೂವರಿಗೆ ತಾಗಿದರೆ 67. ಇದು ಒಂದು ಸಲದ ಪೆಟ್ಟು. ನಿಂತು ಹೊಡೆಯುವ ಮಂತ್ರಗಳಿಗೆ ಇನ್ನೊಂದು ಗುಣಾಕಾರ ಬೇಕು: ಎಷ್ಟು ಸಲ?

ನಾನು ಎಡವಿದ್ದು ಈ ಗುಣಾಕಾರದಲ್ಲೇ.

ಮುಳ್ಳಿನ ಸುಳಿಯ ಪೋಸ್ಟ್‌ಮಾರ್ಟಂ

ಬರೆಯುವಾಗ ನನ್ನ ತಲೆಯಲ್ಲಿದ್ದ ಲೆಕ್ಕ ಹೀಗೆ. ಓಗರ್ ತನ್ನ ಟರ್ನ್ ಒಳಗೆ ಶುರುಮಾಡುತ್ತದೆ, 3ಡಿ6 ತಿನ್ನುತ್ತದೆ, ಅಂದರೆ ಸರಾಸರಿ 10.5. ರೌಂಡ್‌ಗೆ ಒಂದು ಸಲ. ಓಗರ್‌ಗೆ 59 ಹಿಟ್ ಪಾಯಿಂಟ್. ಬರೀ ಸುಳಿಯಿಂದಲೇ ಸಾಯಬೇಕಾದರೆ ಆರು ರೌಂಡ್ ಬೇಕು.

ಟೇಬಲ್ ಮೇಲೆ ಆದದ್ದು ಬೇರೆ. ಓಗರ್ ಟರ್ನ್ ಶುರು, ಒಂದು ಪೆಟ್ಟು. ಬುದ್ಧಿ ಬಂದು ಹೊರಗೆ ನಡೆಯಿತು. ಫೈಟರ್ ಟರ್ನ್‌ನಲ್ಲಿ ಅದನ್ನು ಐದು ಅಡಿ ಒಳಕ್ಕೆ ದೂಡಿದ. ಅದು ಬೇರೆಯವನ ಟರ್ನ್, ಆ ಟರ್ನ್‌ನಲ್ಲಿ ಓಗರ್ ಒಳಗೆ ಬಂದದ್ದು ಮೊದಲ ಸಲ, ಹಾಗಾಗಿ ಎರಡನೇ ಪೆಟ್ಟು. ಆಮೇಲೆ ಡ್ರೂಯಿಡ್ ಥಾರ್ನ್ ವಿಪ್ ಬೀಸಿ ಓಗರನ್ನು ಹೊರಗೆ ಎಳೆದಳು. ನನಗೆ ಅರ್ಥವಾಗಲಿಲ್ಲ, ಯಾಕೆ ಬಿಡಿಸುತ್ತಿದ್ದಾಳೆ ಅಂದುಕೊಂಡೆ. ಮುಂದಿನ ಟರ್ನ್ ವಾರ್ಲಾಕ್ ಅನ್ನುವ ಮಂತ್ರವಾದಿಯದು. ರಿಪೆಲಿಂಗ್ ಬ್ಲಾಸ್ಟ್ ಇರುವ ಎಲ್ಡ್ರಿಚ್ ಬ್ಲಾಸ್ಟ್, ತಾಗಿದರೆ 10 ಅಡಿ ಹಿಂದಕ್ಕೆ. ಓಗರ್ ಮತ್ತೆ ಒಳಗೆ, ಮೂರನೇ ಪೆಟ್ಟು. ಆಗ ಅರ್ಥವಾಯಿತು.

ಒಂದು ರೌಂಡ್‌ಗೆ 31.5. ನಾನು ಅಂದುಕೊಂಡದ್ದರ ಮೂರರಷ್ಟು, ಅವರವರ ಆಯುಧದ ಪೆಟ್ಟು ಬೇರೆ. 59 ಹಿಟ್ ಪಾಯಿಂಟ್ ಎರಡು ರೌಂಡ್‌ಗೆ ಖಾಲಿ.

ದೋಷ ಇರುವುದು ‘ಒಂದು ಟರ್ನ್‌ನಲ್ಲಿ ಮೊದಲ ಸಲ’ ಅನ್ನುವ ಮಾತಿನಲ್ಲಿ. ಬರೆದವನಿಗೆ ಅದು ಕಡಿವಾಣದಂತೆ ಕಾಣುತ್ತದೆ. ಆದರೆ ಟರ್ನ್ ಬೇರೆ, ರೌಂಡ್ ಬೇರೆ. ನಾಲ್ಕು ಆಟಗಾರರು, ಒಂದು ಓಗರ್ ಇದ್ದರೆ ಒಂದು ರೌಂಡ್‌ನಲ್ಲಿ ಐದು ಟರ್ನ್. ಐದರಲ್ಲೂ ‘ಮೊದಲ ಸಲ’ ಬರಬಹುದು. ಅಂದರೆ ಈ ಮಂತ್ರದ ಬಲ ಅದರ ಲೆವೆಲ್‌ನಿಂದ ಬೆಳೆಯುತ್ತಿರಲಿಲ್ಲ, ಪಾರ್ಟಿಯಲ್ಲಿ ತಳ್ಳುವವರು ಎಷ್ಟು ಮಂದಿ ಅನ್ನುವುದರಿಂದ ಬೆಳೆಯುತ್ತಿತ್ತು.

ಈಗ ನನ್ನ ಮೊದಲ ರಿಪೇರಿ ನೋಡಿ. 2ಡಿ6 ಮಾಡಿದಾಗ ಸರಾಸರಿ 7. ಮೂವರು ಸೇರಿ ತಳ್ಳಾಟ ಆಡಿದರೆ 21, ಅಂದರೆ ಇನ್ನೂ ನನ್ನ ಗುರಿಯ ಎರಡರಷ್ಟು. ಯಾರೂ ತಳ್ಳದ ದಿನ ರೌಂಡ್‌ಗೆ ಬರೀ 7. ಅಷ್ಟಕ್ಕೆ 2ನೇ ಲೆವೆಲ್ ಸ್ಲಾಟ್ ಮತ್ತು ಕಾನ್ಸಂಟ್ರೇಶನ್ ಯಾರು ಕೊಡುತ್ತಾರೆ? ಡ್ರೂಯಿಡ್ ಆಡುವ ಗೆಳತಿ ನೇರವಾಗಿಯೇ ಕೇಳಿದಳು: ‘ಇದನ್ನ ಇನ್ನೂ ಯಾಕೆ ಇಟ್ಕೊಂಡಿರ್ಲಿ? ಮೂನ್‌ಬೀಮ್ ತಗೊಳ್ತೀನಿ ಬಿಡು.’ ದುರುಪಯೋಗ ಮಾಡುವ ದಿನ ಇನ್ನೂ ಬಲವಾಗಿ, ನೆಟ್ಟಗೆ ಆಡುವ ದಿನ ಸೊರಗಿ ಕೂತಿತ್ತು ಮಂತ್ರ.

ಪ್ರಕಟವಾದ ಮಂತ್ರಗಳಲ್ಲೂ ಇದೇ ರೋಗ ಕಾಣಿಸಿಕೊಂಡಿದೆ. ಸ್ಪೈಕ್ ಗ್ರೋತ್ ನೋಡಿ: 2ನೇ ಲೆವೆಲ್, 20 ಅಡಿ ರೇಡಿಯಸ್, ಪ್ರತಿ 5 ಅಡಿ ಚಲನೆಗೆ 2ಡಿ4. ಶತ್ರುವನ್ನು ಹಿಡಿದು ಅದರ ಮೇಲೆ ದರದರ ಎಳೆದುಕೊಂಡು ಹೋದರೆ ತುರಿಮಣೆಗೆ ಉಜ್ಜಿದ ಹಾಗೆ. 30 ಅಡಿ ಎಳೆದರೆ 12ಡಿ4, ಸರಾಸರಿ 30.

ಇನ್ನೂ ಚೆನ್ನಾಗಿ ಪಾಠ ಕಲಿಸುವುದು ಹೀಲಿಂಗ್ ಸ್ಪಿರಿಟ್. 2017ರಲ್ಲಿ ಬಂದ 2ನೇ ಲೆವೆಲ್ ಮಂತ್ರ. ಆ ಚಿಕ್ಕ ಜಾಗಕ್ಕೆ ಒಂದು ಟರ್ನ್‌ನಲ್ಲಿ ಮೊದಲ ಸಲ ಕಾಲಿಟ್ಟವರಿಗೆ, ಅಥವಾ ಅಲ್ಲಿ ಟರ್ನ್ ಶುರುಮಾಡಿದವರಿಗೆ 1ಡಿ6 ವಾಸಿ. ಒಂದು ನಿಮಿಷ, ಅಂದರೆ 10 ರೌಂಡ್. 1ಡಿ6 ಅಂದರೆ ಯಾರಿಗೂ ಭಯವಿಲ್ಲ. ಆದರೆ ಜಗಳ ಮುಗಿದ ಮೇಲೆ ನಾಲ್ವರೂ ಸಾಲಾಗಿ ನಿಂತು ಸರದಿಯಂತೆ ಆ ಜಾಗಕ್ಕೆ ಹೋಗಿ ಬಂದರೆ ತಲೆಗೆ 35, ಒಟ್ಟು 140 ಹಿಟ್ ಪಾಯಿಂಟ್. ಅದೇ ಸ್ಲಾಟ್‌ನಲ್ಲಿ ಕ್ಯೂರ್ ವೂಂಡ್ಸ್ ಕೊಡುತ್ತಿದ್ದದ್ದು ಒಬ್ಬರಿಗೆ 2ಡಿ8 ಮತ್ತು ಮಾಡಿಫೈಯರ್ (ಪಾತ್ರದ ಸಾಮರ್ಥ್ಯದಿಂದ ಸೇರುವ ಅಂಕಿ), ಹೆಚ್ಚುಕಡಿಮೆ 13. ಸಾಹಸಿಗರೆಲ್ಲ ಸಾಲು ಕಟ್ಟಿ ಕುಣಿದಂತೆ ಹೋಗಿ ಬರುವ ಆ ದೃಶ್ಯವೇ ನಗೆಪಾಟಲು.

2020ರಲ್ಲಿ ತಿದ್ದುಪಡಿ ಬಂತು. ತಿದ್ದಿದವರು 1ಡಿ6 ಮುಟ್ಟಲಿಲ್ಲ. ಮಂತ್ರ ವಾಸಿಮಾಡುವ ಸಲಗಳಿಗೆ ಮಿತಿ ಹಾಕಿದರು: 1 ಮತ್ತು ನಿಮ್ಮ ಮಾಡಿಫೈಯರ್, ಕನಿಷ್ಠ 2. ಮಾಡಿಫೈಯರ್ 4 ಇದ್ದರೆ ಐದು ಸಲ, ಒಟ್ಟು ಸರಾಸರಿ 17.5. ಜಗಳದ ನಡುವೆ ಬಿದ್ದವನನ್ನು ಎಬ್ಬಿಸುವ ಕೆಲಸಕ್ಕೆ ಮಂತ್ರ ಈಗಲೂ ಚೆನ್ನಾಗಿದೆ. ಸಾಲು ನಿಲ್ಲುವ ಆಟ ಮಾತ್ರ ನಿಂತಿತು. ರಿಪೇರಿ ಅಂದರೆ ಹೀಗಿರಬೇಕು.

ಇದನ್ನು ನೋಡಿ ನಾನು ದಾಳವನ್ನು ವಾಪಸ್ 3ಡಿ6 ಮಾಡಿದೆ. ಸೇರಿಸಿದ್ದು ಒಂದೇ ವಾಕ್ಯ: ಒಮ್ಮೆ ಪೆಟ್ಟು ತಿಂದ ಜೀವಿಗೆ, ಮಂತ್ರ ಹಾಕಿದವಳ ಮುಂದಿನ ಟರ್ನ್ ಶುರುವಾಗುವ ತನಕ ಮತ್ತೆ ಪೆಟ್ಟಿಲ್ಲ. ತಳ್ಳುವವರಿಗೆ ಈಗಲೂ ಕೆಲಸವಿದೆ, ತಪ್ಪಿಸಿಕೊಂಡ ಶತ್ರುವನ್ನು ಒಳಗೆ ಹಾಕಿ ಆ ರೌಂಡ್‌ನ ಪೆಟ್ಟು ಕೊಡಿಸಬಹುದು. ಮೂರು ಸಲ ಕೊಡಿಸಲಾಗದು, ಅಷ್ಟೇ.

ಎಲ್ಲಾ ಇಲ್ಲವೇ ಏನೂ ಇಲ್ಲ ಅನ್ನುವ ಮಂತ್ರಗಳು

ಪೆಟ್ಟಿನ ಮಂತ್ರವನ್ನು ಸರಿಮಾಡುವುದು ಸುಲಭ, ಅಂಕಿ ಇದೆ. ಕಟ್ಟಿಹಾಕುವ ಮಂತ್ರಗಳು ಕಷ್ಟ. ಖಳ ಒಂದು ಸೇವ್ ಸೋತರೆ ಜಗಳ ಮುಗಿಯಿತು, ಗೆದ್ದರೆ ಆಟಗಾರನ ಟರ್ನ್ ವ್ಯರ್ಥ. ಎರಡೂ ಕಡೆಯವರಿಗೆ ಬೇಸರ.

ಇಲ್ಲಿ ಅಳೆಯಬೇಕಾದದ್ದು ‘ಎಷ್ಟು ಟರ್ನ್ ಕಳೆದುಹೋಯಿತು’ ಅನ್ನುವುದು. ಒಂದೇ ಸೇವ್, ಹತ್ತು ರೌಂಡ್ ಅಂತಿದ್ದರೆ ಸೋತವನು ಹತ್ತು ಟರ್ನ್ ಕಳೆದುಕೊಂಡ, ಅಂದರೆ ಇಡೀ ಜಗಳ. ಪ್ರತಿ ಟರ್ನ್ ಕೊನೆಗೆ ಮತ್ತೆ ಸೇವ್ ಕೊಟ್ಟು, ಗೆಲ್ಲುವ ಸಾಧ್ಯತೆ 40% ಇದ್ದರೆ ಕಳೆದುಹೋಗುವುದು ಸರಾಸರಿ 2.5 ಟರ್ನ್. ಅಷ್ಟು ದೊಡ್ಡ ವ್ಯತ್ಯಾಸ ಒಂದು ವಾಕ್ಯದಿಂದ ಬರುತ್ತದೆ. ಹಾಗಾಗಿ ಇಂಥ ಮಂತ್ರಕ್ಕೆ ನಾನು ಮೊದಲು ಸೇರಿಸುವುದು ಮರುಸೇವ್.

ಖಳರಿಗೆ ಮಾತ್ರ ತೊಂದರೆ ಇದ್ದರೆ ಲೆಜೆಂಡರಿ ರೆಸಿಸ್ಟೆನ್ಸ್ ಇದೆ. ಸೋತ ಸೇವನ್ನು ಗೆದ್ದಂತೆ ಮಾಡಿಕೊಳ್ಳುವ ಹಕ್ಕು, ಸಾಮಾನ್ಯವಾಗಿ ದಿನಕ್ಕೆ 3. ಕೆಲಸ ಮಾಡುತ್ತದೆ, ಆದರೆ ಆಟಗಾರನ ಒಳ್ಳೆಯ ಮಂತ್ರ ನೀರಿಗೆ ಬಿದ್ದ ಹಾಗೆ. ನನಗೆ ಹೆಚ್ಚು ಇಷ್ಟವಾದದ್ದು 2019ರಲ್ಲಿ ಬಂದ ಪಾತ್‌ಫೈಂಡರ್ 2ನೇ ಆವೃತ್ತಿಯ ದಾರಿ. ಅಲ್ಲಿ ಫಲಿತಾಂಶ ನಾಲ್ಕು ಬಗೆ: ಭಾರೀ ಗೆಲುವು, ಗೆಲುವು, ಸೋಲು, ಭಾರೀ ಸೋಲು. ಕಟ್ಟಿಹಾಕುವ ಮಂತ್ರಗಳಿಗೆ ‘ಇನ್‌ಕೆಪ್ಯಾಸಿಟೇಶನ್’ ಅನ್ನುವ ಗುರುತಿದೆ. ಗುರಿಯ ಲೆವೆಲ್ ಮಂತ್ರದ ರ‍್ಯಾಂಕ್‌ನ ಎರಡರಷ್ಟಕ್ಕಿಂತ ಜಾಸ್ತಿ ಇದ್ದರೆ ಅದರ ಸೇವ್ ಫಲಿತಾಂಶ ಒಂದು ಮೆಟ್ಟಿಲು ಮೇಲೇರುತ್ತದೆ. ದೊಡ್ಡವರ ಮೇಲೆ ಮಂತ್ರ ಪೂರ್ತಿ ಹಿಡಿಯದಿದ್ದರೂ ಸ್ವಲ್ಪ ತಾಗಬಹುದು. ಸಾಮಾನ್ಯ ಸೇವ್ ಗೆದ್ದರೂ ಒಂದು ಟರ್ನ್ ವೇಗ ಅರ್ಧವಾಗುತ್ತದೆ ಅನ್ನುವಂಥ ಚಿಕ್ಕ ಫಲ ನಿಮ್ಮ ಮಂತ್ರಕ್ಕೂ ಸೇರಿಸಿ ನೋಡಿ. ಆಟಗಾರ ಮರುಸೇವನ್ನು ಒಪ್ಪಿಕೊಳ್ಳುವುದು ಸುಲಭವಾಗುತ್ತದೆ.

ಸೇವ್ ಇಲ್ಲದೆಯೇ ಹಿಡಿಯುವ ಮಂತ್ರಗಳಿಗೆ ಇನ್ನೊಂದು ಕೀಲಿದೆ. ಫೋರ್ಸ್‌ಕೇಜ್ 2014ರಲ್ಲಿ ಒಂದು ಗಂಟೆ ಇರುತ್ತಿತ್ತು, ಕಾನ್ಸಂಟ್ರೇಶನ್ ಬೇಡವಾಗಿತ್ತು. 2024ರಲ್ಲಿ ಕಾನ್ಸಂಟ್ರೇಶನ್ ಸೇರಿಸಿದರು. ಈಗ ಪಂಜರ ಒಡೆಯಲು ಮಂತ್ರವಾದಿಯನ್ನು ಹೊಡೆದರೆ ಸಾಕು, ಅಂದರೆ ಖಳನ ಸಹಚರರಿಗೂ ಒಂದು ಕೆಲಸ ಸಿಕ್ಕಿತು.

ಇನ್ನು ಅಗ್ಗದ ಸ್ಲಾಟ್‌ನಲ್ಲಿ ದುಬಾರಿ ಕೆಲಸ ಮಾಡುವ ಮಂತ್ರಗಳು. 2021ರ ಸಿಲ್ವರಿ ಬಾರ್ಬ್ಸ್ 1ನೇ ಲೆವೆಲ್, ರಿಯಾಕ್ಷನ್ (ಬೇರೆಯವರ ಟರ್ನ್‌ನಲ್ಲೂ ಹಾಕುವಂಥದ್ದು). ಶತ್ರು ಗೆದ್ದ ದಾಳವನ್ನು ಮತ್ತೆ ಹಾಕಿಸಿ ಕಡಿಮೆ ಬಂದದ್ದನ್ನು ಹಿಡಿಸುತ್ತದೆ. ಸೇವ್ ಸೋಲುವ ಸಾಧ್ಯತೆ 60% ಇದ್ದದ್ದು 84% ಆಗುತ್ತದೆ. ಚಿಕ್ಕ ಕತ್ತಿಯ ಪೆಟ್ಟಿಗೆ ಬಳಸಿದರೆ ತೊಂದರೆಯಿಲ್ಲ, 7ನೇ ಲೆವೆಲ್ ಮಂತ್ರದ ಸೇವ್‌ಗೆ ಬಳಸಿದರೂ ಬೆಲೆ ಅಷ್ಟೇ. ದೋಷ ಇರುವುದು ಬೆಲೆಯಲ್ಲಿ. ನಮ್ಮ ಟೇಬಲ್‌ನಲ್ಲಿ, ಮಂತ್ರದ ಸೇವ್ ಮೇಲೆ ಬಳಸುವುದಾದರೆ ಆ ಮಂತ್ರದ ಸ್ಲಾಟ್‌ನ ಅರ್ಧ ಲೆವೆಲ್‌ನ ಸ್ಲಾಟ್ ಕೊಡಬೇಕು ಅಂತ ಮಾಡಿಕೊಂಡಿದ್ದೇವೆ. ಚೆನ್ನಾಗಿ ನಡೆಯುತ್ತಿದೆ.

ಸಮಯ ತಿನ್ನುವ ಮಂತ್ರ

2014ರ ಕಾಂಜ್ಯೂರ್ ಆ್ಯನಿಮಲ್ಸ್ 3ನೇ ಲೆವೆಲ್‌ನಲ್ಲೇ ಎಂಟು ತೋಳಗಳನ್ನು ತರಬಲ್ಲದು. ಒಂದೊಂದರ ದಾಳಿ +4, ಪೆಟ್ಟು ಸರಾಸರಿ 7. ಎಸಿ (ರಕ್ಷಣೆಯ ಅಂಕಿ) 15ರ ಮೇಲೆ ತಾಗುವುದು 50%, ಗುಂಪಾಗಿ ಸುತ್ತುವರಿದಾಗ ಅಡ್ವಾಂಟೇಜ್ (ಎರಡು ದಾಳ ಹಾಕಿ ದೊಡ್ಡದನ್ನು ಹಿಡಿಯುವುದು) ಸಿಕ್ಕಿ 75%. ಎಂಟಕ್ಕೂ ಸೇರಿ ರೌಂಡ್‌ಗೆ 42. ಅದೂ ಪ್ರತಿ ರೌಂಡ್.

ಅಂಕಿ ದೊಡ್ಡದೇ. ಆದರೆ ಟೇಬಲ್ ಕೊಲ್ಲುವುದು ಅಂಕಿಯಲ್ಲ. ಎಂಟು ತೋಳ, ಎಂಟು ಚಲನೆ, ಹದಿನಾರು ದಾಳ, ಬೀಳಿಸುವ ಸೇವ್ ಬೇರೆ. ಗಡಿಯಾರ ಹಿಡಿದು ನೋಡಿ. ತೋಳದ ಪೆಟ್ಟನ್ನು ಅರ್ಧ ಮಾಡಿದರೂ ಆ ಟರ್ನ್ ಅಷ್ಟೇ ಉದ್ದ. 2024ರಲ್ಲಿ ಪ್ರಾಣಿಗಳನ್ನೇ ತೆಗೆದು, ಚಲಿಸುವ ಒಂದು ಆತ್ಮಗಳ ಗುಂಪು ಮಾಡಿದರು: ಹತ್ತಿರ ಬಂದವರಿಗೆ ಡೆಕ್ಸ್‌ಟೆರಿಟಿ ಸೇವ್, ಸೋತರೆ 3ಡಿ10. ತೋಳ ಪ್ರಿಯರಿಗೆ ಬೇಸರವಾಯಿತು, ಒಪ್ಪುತ್ತೇನೆ. ಹಳೆಯದನ್ನೇ ಇಟ್ಟುಕೊಳ್ಳುವವರು ಸಂಖ್ಯೆಯನ್ನು ಎರಡಕ್ಕೆ ಇಳಿಸಿ ಬಲವಾದ ಪ್ರಾಣಿ ಕೊಡಿ. ಅದು ಆ ಮಂತ್ರದಲ್ಲೇ ಇರುವ ಆಯ್ಕೆ.

ಯಾವ ಕೀಲು ಮೊದಲು?

ರೋಗ ಗೊತ್ತಾದ ಮೇಲೂ ನಾನು ಒಂದು ಕ್ರಮ ಹಿಡಿಯುತ್ತೇನೆ. ಮೊದಲು ಎಷ್ಟು ಸಲ ಕೆಲಸ ಮಾಡುತ್ತದೆ ಅನ್ನುವುದು. ಆಮೇಲೆ ಸೇವ್ ಮತ್ತು ಮರುಸೇವ್. ಆಮೇಲೆ ಕಾನ್ಸಂಟ್ರೇಶನ್, ಅವಧಿ. ಅದಾದ ಮೇಲೆ ಜಾಗದ ಅಳತೆ, ಗುರಿಗಳ ಸಂಖ್ಯೆ. ಇವುಗಳಲ್ಲಿ ಯಾವುದೂ ಆಗದಿದ್ದರೆ ಮಂತ್ರದ ಲೆವೆಲ್ ಏರಿಸುವುದು, ಅದು ದೊಡ್ಡ ಹೆಜ್ಜೆ, ಪಾತ್ರ ಮುಂದಿನ ಲೆವೆಲ್ ಮುಟ್ಟುವ ತನಕ ಮಂತ್ರವೇ ಇಲ್ಲವಾಗಬಹುದು. ದಾಳ ಎಲ್ಲಕ್ಕಿಂತ ಕೊನೆ.

ಕೆಲವೊಮ್ಮೆ ಕೀಲು ಬಿಗಿ ಮಾಡುವುದಕ್ಕಿಂತ ಕೆಲಸವನ್ನೇ ಬದಲಿಸುವುದು ಸರಿ. 2000ದ 3ನೇ ಆವೃತ್ತಿಯಲ್ಲಿ ಹೇಸ್ಟ್ ಹಾಕಿಕೊಂಡ ಮಾಂತ್ರಿಕ ಒಂದು ರೌಂಡ್‌ಗೆ ಎರಡು ಮಂತ್ರ ಹಾಕಬಹುದಿತ್ತು. ಫೈಟರ್‌ಗೆ ಕೊಡುವ ಬದಲು ಎಲ್ಲರೂ ತಾವೇ ಹಾಕಿಕೊಂಡರು. 2003ರ 3.5ರಲ್ಲಿ ಅದನ್ನು ಒಂದು ಹೆಚ್ಚುವರಿ ದಾಳಿ ಅಂತ ಮಾಡಿದರು, ಜೊತೆಗೆ ಒಬ್ಬರ ಬದಲು ಇಡೀ ಗುಂಪಿಗೆ ಕೊಟ್ಟರು. ಲೆವೆಲ್ 3 ಹಾಗೇ ಇತ್ತು. ಮಂತ್ರ ಕತ್ತಿ ಹಿಡಿದವರ ಕೈಗೆ ವಾಪಸ್ ಬಂತು.

ಬೇಡದ ರಿಪೇರಿಗಳೂ ಇವೆ. ಚಿನ್ನದ ಖರ್ಚು ಸೇರಿಸುವುದು ಪಾರ್ಟಿ ಬಡವಾಗಿರುವ ತನಕ ಕೆಲಸ ಮಾಡುತ್ತದೆ, ಆಮೇಲೆ ಬರೀ ಲೆಕ್ಕ ಬರೆಯುವ ಕಿರಿಕಿರಿ. ‘ದಿನಕ್ಕೆ ಒಂದೇ ಸಲ’ ಅನ್ನುವುದು ದಿನಕ್ಕೆ ಒಂದೇ ಜಗಳ ಇರುವ ಟೇಬಲ್‌ನಲ್ಲಿ ಏನನ್ನೂ ಬದಲಿಸುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಆ ಮಂತ್ರ ತಾಗದ ಶತ್ರುಗಳನ್ನೇ ಸಾಲುಸಾಲಾಗಿ ತರುವುದು. ಆಟಗಾರರಿಗೆ ಎರಡನೇ ಜಗಳಕ್ಕೇ ಗೊತ್ತಾಗುತ್ತದೆ. ಬಾಯಿಬಿಟ್ಟು ಹೇಳುವುದನ್ನು ಕೈಯಲ್ಲಿ ತೋರಿಸಿದ ಹಾಗಾಗುತ್ತದೆ, ಮನಸ್ತಾಪ ಉಳಿಯುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಕೀಲು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ, ಕೆಟ್ಟರೂ ಗೊತ್ತಾಗುವುದಿಲ್ಲ.

ಪರೀಕ್ಷೆ, ಆಮೇಲೆ ಮಾತುಕತೆ

ಹಳೆಯ ಜಗಳವನ್ನೇ ಮತ್ತೆ ಆಡಿ. ನಾನು ಒಬ್ಬನೇ ಕೂತು ಓಗರ್ ಜಗಳವನ್ನು ಮೂರು ಬಗೆಯಲ್ಲಿ ಆಡಿದೆ: ಯಾರ ಸಹಾಯವೂ ಇಲ್ಲದೆ, ಸಾಧಾರಣವಾಗಿ ಎಲ್ಲರೂ ಅವರವರ ಕೆಲಸ ಮಾಡುತ್ತ, ಎಲ್ಲರೂ ಸೇರಿ ದುರುಪಯೋಗ ಮಾಡುತ್ತ. ಮೊದಲ ಮತ್ತು ಕೊನೆಯ ಫಲದ ನಡುವಿನ ಅಂತರ ಎರಡರಷ್ಟರೊಳಗೆ ಇದ್ದರೆ ನನಗೆ ಸಮಾಧಾನ. ಹಳೆಯ ಮುಳ್ಳಿನ ಸುಳಿಯಲ್ಲಿ ಅದು ಮೂರರಷ್ಟಿತ್ತು. ಆಮೇಲೆ ಹೊಸ ಮಾತನ್ನು ಟೇಬಲ್‌ನ ಮಹಾ ಕಿತಾಪತಿಗೆ ಕೊಟ್ಟು ‘ಒಡೆದು ತೋರಿಸು’ ಅನ್ನಿ. ಪ್ರತಿ ಟೇಬಲ್‌ನಲ್ಲೂ ಅಂಥವನೊಬ್ಬ ಇರುತ್ತಾನೆ. ಹತ್ತು ನಿಮಿಷ ಸಾಕು ಅವನಿಗೆ.

ಆಟದ ನಡುವೆ ನಿಯಮ ಬದಲಿಸಬೇಡಿ. ಆ ದಿನದ ಜಗಳ ಹಳೆಯ ನಿಯಮದಲ್ಲೇ ಮುಗಿಯಲಿ, ಖಳ ಸತ್ತರೆ ಸಾಯಲಿ. ಸೆಷನ್ ಮುಗಿದ ಮೇಲೆ ಆ ಆಟಗಾರರ ಜೊತೆ ಕೂತು ಲೆಕ್ಕ ತೋರಿಸಿ. ಬೇಡವೆನಿಸಿದರೆ ಬೇರೆ ಮಂತ್ರ ಆರಿಸಿಕೊಳ್ಳುವ ಅವಕಾಶ ಕೊಡಿ, ಪುಕ್ಕಟೆಯಾಗಿ. ನನ್ನ ಗೆಳತಿಗೆ ನಾನು ತೋರಿಸಿದ್ದು ಎರಡೇ ಅಂಕಿ, 10.5 ಮತ್ತು 31.5. ಅವಳು ನಕ್ಕು, ‘ನಾಲ್ಕನೇ ಸಲ ಹೇಗೆ ಮಾಡೋದು ಅಂತಾನೂ ಯೋಚನೆ ಮಾಡಿಟ್ಟಿದ್ದೆ’ ಅಂದಳು.

ಎರಡು ಸೆಷನ್ ಬಿಟ್ಟು ಇನ್ನೊಂದು ಕೀಲು ತಿರುಗಿಸಿದೆ. ಮೂನ್‌ಬೀಮ್ 2ನೇ ಲೆವೆಲ್‌ನಲ್ಲಿ 2ಡಿ10, ಸರಾಸರಿ 11, ಸೇವ್ ಗೆದ್ದರೆ ಅರ್ಧ, ಜಾಗ ಬರೀ 5 ಅಡಿ ರೇಡಿಯಸ್. ಮುಳ್ಳಿನ ಸುಳಿ 15 ಅಡಿ, ಸೇವೇ ಇಲ್ಲ. ಅದು ಇನ್ನೂ ಭಾರವೇ. ಡೆಕ್ಸ್‌ಟೆರಿಟಿ ಸೇವ್ ಸೇರಿಸಿದೆ, ಗೆದ್ದರೆ ಅರ್ಧ. 60% ಲೆಕ್ಕದಲ್ಲಿ ತಲೆಗೆ ರೌಂಡ್‌ಗೆ 8.4. ಈಗ ಅವಳು ಒಂದು ದಿನ ಸುಳಿ, ಒಂದು ದಿನ ಮೂನ್‌ಬೀಮ್ ತಯಾರಿ ಮಾಡಿಕೊಂಡು ಬರುತ್ತಾಳೆ. ಶತ್ರುಗಳು ಜಾಸ್ತಿ ಅನಿಸಿದ ದಿನ ಸುಳಿ.

ಸುಳಿಯ ಎತ್ತರ ಎಷ್ಟು ಅಂತ ನಾನು ಎಲ್ಲೂ ಬರೆದಿರಲಿಲ್ಲ. ಹೋದ ಸೆಷನ್‌ನಲ್ಲಿ ಒಂದು ಹಾರ್ಪಿ ಅದರ ಮೇಲಿಂದ ಹಾರಿಹೋದಾಗ ನಾಲ್ವರೂ ನನ್ನ ಮುಖ ನೋಡಿದರು. 10 ಅಡಿ ಅಂತ ಸೇರಿಸಿದ್ದೇನೆ.